ದೇವರ ಚಿತ್ತವೂ ನಮ್ಮ ನಡೆಯೂ: ಸಂತ ಜೋಸೆಫ್ ವಾಜರ ಬಾಳಿನ ಬೆಳಕಿನಲ್ಲಿ

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ‘ದೆವಾಚಿ ಖುಶಿ’ ಎಂಬ ಕೊಂಕಣಿ ಮಾತನ್ನು ಕೇಳದವರಿಲ್ಲ. ಕನ್ನಡದಲ್ಲಿ ಪ್ರಾರ್ಥಿಸುವ ಕುಟುಂಬಗಳಲ್ಲಿ ಅದೇ ಮಾತು ‘ದೇವರ ಚಿತ್ತ’ ಎಂದಾಗುತ್ತದೆ. ಮಗುವಿನ ಜ್ಞಾನಸ್ನಾನದ ದಿನ ಹಿರಿಯರು ಅದನ್ನು ಸಂತೋಷದಿಂದ ಆಡುತ್ತಾರೆ. ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಕಣ್ಣೀರೊರೆಸಿಕೊಳ್ಳುತ್ತ ಮತ್ತೆ ಅದನ್ನೇ ಆಡುತ್ತಾರೆ. ಕೆಲಸ ಸಿಕ್ಕಾಗಲೂ ಕೆಲಸ ಹೋದಾಗಲೂ, ವಿವಾಹ ನಿಶ್ಚಯವಾದಾಗಲೂ ಮುರಿದುಬಿದ್ದಾಗಲೂ ನಮ್ಮ ಬಾಯಿಗೆ ಬರುವುದು ಈ ಒಂದೇ ಮಾತು. ಆದರೆ ಇದೇ ನಾಲಗೆ ಮರುಕ್ಷಣದಲ್ಲಿ ‘ಎಲ್ಲಾ ಹಣೆಬರಹ’ ಎಂದೂ ನಿಟ್ಟುಸಿರು ಬಿಡುವುದುಂಟು. ಇವೆರಡೂ ಒಂದೇ ಅರ್ಥದ ಮಾತುಗಳೇ? ದೇವರ ಯೋಜನೆಯಲ್ಲಿ ಭರವಸೆಯಿಡುವುದೆಂದರೆ ಕೈಕಟ್ಟಿ ಕುಳಿತು, ಬಂದುದನ್ನೆಲ್ಲ ಸಹಿಸಿಕೊಳ್ಳುವುದೇ? ಪ್ರತಿಯೊಂದು ಕ್ರೈಸ್ತ ಕುಟುಂಬವೂ ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆಯಿದು.

ಹಣೆಬರಹಕ್ಕೆ ಮುಖವಿಲ್ಲ. ಅದನ್ನು ಬರೆದವನೊಡನೆ ನಾವು ಮಾತನಾಡುವಂತಿಲ್ಲ, ಜಗಳವಾಡುವಂತಿಲ್ಲ, ಅತ್ತು ಕರೆಯುವಂತೆಯೂ ಇಲ್ಲ. ದೇವರ ಚಿತ್ತವಾದರೋ ಒಬ್ಬ ತಂದೆಯ ಚಿತ್ತ. ಪ್ರಭು ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಮೊದಲು ‘ತಂದೆ’ ಎಂದು ಕರೆದು, ಆ ಬಳಿಕವೇ ಆತನ ಚಿತ್ತ ನೆರವೇರಲೆಂದು ಬೇಡುತ್ತೇವೆ. ಈ ಕ್ರಮ ಆಕಸ್ಮಿಕವಲ್ಲ. ತಂದೆಯೆಂಬ ನಂಬಿಕೆಯಿಲ್ಲದೆ ಆತನ ಚಿತ್ತಕ್ಕೆ ತಲೆಬಾಗುವುದು ಕೇವಲ ಸೋಲೊಪ್ಪಿಗೆಯಾದೀತು, ಶರಣಾಗತಿಯಾಗದು.

ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಲೋಕಕ್ಕೆ ನೀಡಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಈ ವಿಷಯವನ್ನು ಸ್ಪಷ್ಟವಾಗಿ ವಿವರಿಸುತ್ತದೆ. ದೇವರು ಸೃಷ್ಟಿಯನ್ನು ಮಾಡಿ ಕೈಬಿಟ್ಟವರಲ್ಲ; ಅದನ್ನು ಅದರ ಪರಿಪೂರ್ಣತೆಯ ಕಡೆಗೆ ನಡೆಸುತ್ತಲೇ ಇದ್ದಾರೆ. ಈ ನಡೆಸುವಿಕೆಯೇ ದೈವೀ ಪರಿಪಾಲನೆ. ಅದರಲ್ಲಿ ಅವರು ಮನುಷ್ಯರನ್ನು ಗೊಂಬೆಗಳಂತೆ ಆಡಿಸದೆ, ಸ್ವತಂತ್ರರಾದ ಸಹಕಾರ್ಮಿಕರನ್ನಾಗಿ ಮಾಡಿಕೊಳ್ಳುತ್ತಾರೆ. ನೈತಿಕ ಕೇಡನ್ನು ಅವರು ನೇರವಾಗಿಯಾಗಲೀ ಪರೋಕ್ಷವಾಗಿಯಾಗಲೀ ಬಯಸುವುದಿಲ್ಲ. ಆದರೆ ಸ್ವಾತಂತ್ರ್ಯವನ್ನು ಗೌರವಿಸಿ ಅದಕ್ಕೆ ಎಡೆಗೊಟ್ಟು, ಅದರಿಂದಲೂ ಒಳಿತನ್ನು ಹೊರತೆಗೆಯಬಲ್ಲರು. ಹೇಗೆಂಬುದು ನಮಗೆ ಪೂರ್ಣವಾಗಿ ತಿಳಿಯುವುದು ಅವರನ್ನು ಮುಖಾಮುಖಿಯಾಗಿ ಕಾಣುವ ದಿನವೇ. ಅಲ್ಲಿಯವರೆಗೆ ನಮ್ಮ ಪಾಲಿಗಿರುವುದು ಯೋಜನೆಯ ನಕ್ಷೆಯಲ್ಲ, ಯೋಜಿಸಿದಾತನ ಮೇಲಿನ ಭರವಸೆ.

ಸಿಲೋವಾಮಿನ ಗೋಪುರ

ಈ ಬೋಧನೆಯನ್ನು ಅವಸರದಲ್ಲಿ ಬಳಸಿದರೆ ಅದು ನೊಂದವರ ಮೇಲೆ ಎಸೆದ ಕಲ್ಲಾಗುತ್ತದೆ. ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ದುರಂತವನ್ನು ನೆನಪಿಸುತ್ತಾರೆ. ಸಿಲೋವಾಮಿನ ಗೋಪುರ ಕುಸಿದುಬಿದ್ದು 18 ಮಂದಿ ಸತ್ತಿದ್ದರು. ಸತ್ತವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿಯುವಿರಾ ಎಂದು ಅವರು ಪ್ರಶ್ನಿಸಿ, ಇಲ್ಲವೆಂದು ತಾವೇ ಉತ್ತರಿಸಿದರು. ಗೋಪುರ ಏಕೆ ಬಿತ್ತೆಂಬುದನ್ನು ಅವರು ವಿವರಿಸಲಿಲ್ಲ. ಬದುಕಿರುವವರು ತಮ್ಮ ಮನಸ್ಸನ್ನು ದೇವರ ಕಡೆಗೆ ತಿರುಗಿಸಿಕೊಳ್ಳಲೆಂದು ಮಾತ್ರ ಎಚ್ಚರಿಸಿದರು.

ನಮ್ಮ ಜಿಲ್ಲೆಗೂ ಒಂದು ಸಿಲೋವಾಮ್ ಇದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನವು ಬಜ್ಪೆಯ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿ 158 ಮಂದಿ ಮಡಿದರು. 8 ಮಂದಿ ಬದುಕುಳಿದರು. ಬದುಕಿ ಬಂದವರ ಮನೆಯಲ್ಲಿ ‘ದೇವರು ಉಳಿಸಿದರು’ ಎಂಬ ಕೃತಜ್ಞತೆಯ ಮಾತು ನ್ಯಾಯವಾದದ್ದೇ. ಆದರೆ ಅದರ ಇನ್ನೊಂದು ಅರ್ಧವನ್ನು ಮಡಿದವರ ಮನೆಯಂಗಳದಲ್ಲಿ ನಿಂತು ಹೇಳುವ ಎದೆಗಾರಿಕೆ ಯಾರಿಗಿದೆ? ಎಂಟು ಮಂದಿಯನ್ನು ಆರಿಸಿ 158 ಮಂದಿಯನ್ನು ತೊರೆಯುವ ದೇವರನ್ನು ಶುಭಸಂದೇಶ ನಮಗೆ ಪರಿಚಯಿಸುವುದಿಲ್ಲ. ಲಾಜರನ ಸಮಾಧಿಯ ಮುಂದೆ ಯೇಸು ಮೊದಲು ಕಣ್ಣೀರು ಸುರಿಸಿದರು. ನಮ್ಮ ಸಾಂತ್ವನದ ಮಾತಿಗೂ ಮುಂಚೆ ಕಣ್ಣೀರಿಗೆ ಸ್ಥಳವಿರಬೇಕು.

ಹಾಗಾದರೆ ಭರವಸೆಯೆಂದರೇನು? ಪುಸ್ತಕದ ವ್ಯಾಖ್ಯಾನಕ್ಕಿಂತ ಒಬ್ಬ ಮನುಷ್ಯನ ಬಾಳೇ ಇದಕ್ಕೆ ಮಿಗಿಲಾದ ಉತ್ತರ ನೀಡುತ್ತದೆ. ನಮ್ಮದೇ ಕೆನರಾದ ಮಣ್ಣನ್ನು ಬರಿಗಾಲಲ್ಲಿ ತುಳಿದ ಸಂತ ಜೋಸೆಫ್ ವಾಜರ ಬಾಳು ಅಂಥದ್ದು.

ಕೇಳಿದ್ದು ಸಿಲೋನ್, ದೊರೆತದ್ದು ಕೆನರಾ

ಜೋಸೆಫ್ ವಾಜರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆನಾವ್ಲಿಮಿನಲ್ಲಿ. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ, 1677ರ ಆಗಸ್ಟ್ 5ರಂದು, ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ಒಪ್ಪಿಸಿಕೊಂಡರು. ಆ ದಿನಗಳಲ್ಲಿ ಸಿಲೋನ್ ದ್ವೀಪದಿಂದ ಬರುತ್ತಿದ್ದ ಸುದ್ದಿ ಹೃದಯವಿದ್ರಾವಕವಾಗಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡು, ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವರಿಗೆ ಅಂತಿಮ ಅಭ್ಯಂಗವಿಲ್ಲ. ಆ ಜನರ ಬಳಿಗೆ ತನ್ನನ್ನು ಕಳುಹಿಸಬೇಕೆಂದು ಯುವಗುರು ವಾಜರು ಬೇಡಿಕೊಂಡರು.

ಬೇಡಿಕೆ ಪವಿತ್ರವಾಗಿತ್ತು, ಅಗತ್ಯವೂ ತುರ್ತಿನದಾಗಿತ್ತು. ಆದರೂ ಬಾಗಿಲು ತೆರೆಯಲಿಲ್ಲ. 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ಅವರನ್ನು ಕೆನರಾಕ್ಕೆ ಕಳುಹಿಸಿದರು. ಕಳುಹಿಸಿದ್ದಾದರೂ ಎಂಥ ಕಡೆಗೆ? ಪೋರ್ಚುಗಲ್ ದೊರೆಗಳ ಧರ್ಮಪೋಷಕ ಹಕ್ಕಾದ ‘ಪದ್ರೊವಾದೊ’ದ ಹೆಸರಿನಲ್ಲಿ ಗೋವೆಯೂ, ರೋಮಿನ ಧರ್ಮಪ್ರಸಾರ ಸಂಸ್ಥೆಯ ಹೆಸರಿನಲ್ಲಿ ಅದು ನೇಮಿಸಿದ ಬಿಷಪರೂ ಕೆನರಾದ ಮೇಲೆ ಅಧಿಕಾರ ಸಾಧಿಸುತ್ತಿದ್ದ ಕಾಲವದು. ಯಾವ ಗುರುವಿನಿಂದ ಸಂಸ್ಕಾರ ಪಡೆದರೆ ಸಿಂಧು, ಯಾರಿಂದ ಪಡೆದರೆ ಅಸಿಂಧು ಎಂದು ಭಕ್ತರು ಗೊಂದಲದಲ್ಲಿ ಬಿದ್ದಿದ್ದರು. ಸಾಯಲು ಸಿದ್ಧನಾಗಿ ಸಿಲೋನಿಗೆ ಹೊರಟವನ ಕೈಗೆ ಸಿಕ್ಕಿದ್ದು ಅಧಿಕಾರದ ತಂಟೆ ಬಗೆಹರಿಸುವ ಕೆಲಸ!

ವಾಜರು ಗೊಣಗಲಿಲ್ಲ. ಮುಂದಿನ ಮೂರು ವರ್ಷ ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳ ಸುತ್ತಮುತ್ತ ಕಾಲ್ನಡಿಗೆಯಲ್ಲಿ ಸಂಚರಿಸಿದರು. ಶಿಥಿಲವಾಗಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಚದುರಿದ್ದ ಭಕ್ತರನ್ನು ಒಂದುಗೂಡಿಸಿದರು, ರೋಮಿನ ಬಿಷಪರನ್ನೂ ಗೌರವದಿಂದಲೇ ಕಂಡರು. ಮಂಗಳೂರಿಗೆ ಸಮೀಪದ ಮುಡಿಪು ಬೆಟ್ಟದ ಮೇಲೆ ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರವಿದ್ದು, ಹರಕೆ ಹೊತ್ತು ಬರುವವರು ಅಲ್ಲಿ ಎಲ್ಲ ಧರ್ಮಗಳವರೂ ಆಗಿದ್ದಾರೆ. ಕೆನರಾ ಅವರಿಗೆ ಅಡ್ಡದಾರಿಯಂತೆ ಕಂಡಿದ್ದರೂ ಕಂಡಿರಬಹುದು. ಆದರೆ ಗುರುಗಳಿಲ್ಲದ ಊರಿನಿಂದ ಊರಿಗೆ ನಡೆದು, ಬೆದರಿದ ಭಕ್ತರ ವಿಶ್ವಾಸ ಗಳಿಸುವ ವಿದ್ಯೆಯಲ್ಲಿ ಅವರು ಪಳಗಿದ್ದು ಇಲ್ಲಿಯೇ. ಮುಂದೆ ಸಿಲೋನಿನಲ್ಲಿ 24 ವರ್ಷ ಅವರಿಗೆ ಬೇಕಾದದ್ದೂ ಅದೇ ವಿದ್ಯೆ.

ಅವಮಾನವೇ ದಾರಿಯಾದ ಬಗೆ

1684ರಲ್ಲಿ ಗೋವೆಗೆ ಮರಳಿದ ವಾಜರು ಮರುವರ್ಷ, ಹಳೆಯ ಗೋವೆಯ ಪವಾಡಶಿಲುಬೆಯ ಇಗರ್ಜಿಯಲ್ಲಿ ಒಟ್ಟುಗೂಡಿ ಬಾಳುತ್ತಿದ್ದ ಕೆಲವು ಸ್ಥಳೀಯ ಗುರುಗಳ ಜೊತೆ ಸೇರಿ ಅವರ ಶ್ರೇಷ್ಠರಾದರು. ಸಂತ ಫಿಲಿಪ್ ನೇರಿಯವರ ನಿಯಮವನ್ನು ಅನುಸರಿಸಿದ ಈ ಬಳಗವೇ ಗೋವೆಯ ಒರೆಟರಿ. ಇಂಥದೊಂದು ಬಳಗ ಏಕೆ ಬೇಕಾಯಿತು? ಆಗಿನ ಯುರೋಪಿಯನ್ ಸನ್ಯಾಸಸಭೆಗಳು ಸ್ಥಳೀಯ ಭಾರತೀಯರಿಗೆ ತಮ್ಮ ಬಾಗಿಲನ್ನು ಮುಚ್ಚಿದ್ದವು. ಬಣ್ಣದ ಕಾರಣಕ್ಕೆ, ಕುಲದ ಕಾರಣಕ್ಕೆ, ದೇವರ ಮನೆಯಲ್ಲೇ ಎರಡನೆಯ ಪಂಕ್ತಿ.

ಈ ಅನ್ಯಾಯವು ದೇವರ ಚಿತ್ತವಾಗಿತ್ತೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ. ಅದು ಮನುಷ್ಯರ ಪಾಪ. ಆದರೆ ಮನುಷ್ಯರು ಮುಚ್ಚಿದ ಬಾಗಿಲಿನ ಹೊರಗೆ ದೇವರು ಏನನ್ನು ಕಟ್ಟಿದರೆಂಬುದನ್ನು ನೋಡಿರಿ. ಸಿಲೋನಿನ ಬಂದರುಗಳಲ್ಲಿ ಡಚ್ ಕಾವಲುಗಾರರು ಹುಡುಕುತ್ತಿದ್ದುದು ಬಿಳಿಯ ಮೈಬಣ್ಣದ ಗುರುಗಳನ್ನು. ಬರಿಗಾಲಿನ, ಕಂದುಬಣ್ಣದ, ಚಿಂದಿಯುಟ್ಟ ಕೂಲಿಯಾಳಿನಂಥ ಮನುಷ್ಯನೊಬ್ಬ ಅವರ ಕಣ್ಣಿಗೆ ಬೀಳುವಂತಿರಲಿಲ್ಲ. ಯಾವ ಮೈಬಣ್ಣ ಗೋವೆಯಲ್ಲಿ ಅಡ್ಡಿಯಾಗಿತ್ತೋ ಅದೇ ಸಿಲೋನಿನಲ್ಲಿ ರಹದಾರಿಯಾಯಿತು. ಸನ್ಯಾಸಸಭೆಗಳು ಬೇಡವೆಂದ ಭಾರತೀಯ ಗುರುಗಳ ಆ ಬಡ ಬಳಗವೇ ಮುಂದೆ ಸಿಲೋನಿಗೆ ಗುರುಗಳನ್ನು ಒಬ್ಬರ ಬೆನ್ನಿಗೆ ಒಬ್ಬರಂತೆ ಕಳುಹಿಸಿಕೊಟ್ಟಿತು. ಕೇಡು ಕೇಡೇ ಆಗಿ ಉಳಿಯಿತು. ದೇವರು ಮಾತ್ರ ಅದಕ್ಕೆ ಸೋಲಲಿಲ್ಲ.

ಕಾಯಿಲೆ, ಕತ್ತಲೆ, ಕಾರಾಗೃಹ

1686ರಲ್ಲಿ ಗೋವೆಯನ್ನು ಬಿಟ್ಟ ವಾಜರು ದಕ್ಷಿಣದ ಕರಾವಳಿಯುದ್ದಕ್ಕೂ ನಡೆದು, 1687ರಲ್ಲಿ ತೂತುಕುಡಿಯಿಂದ ಹಡಗು ಹತ್ತಿದರು. ಜೊತೆಗಿದ್ದವನು ಜಾನ್ ಎಂಬ ನಿಷ್ಠಾವಂತ ಸೇವಕ. ಬಿರುಗಾಳಿಗೆ ಸಿಕ್ಕು, ಹಸಿವು ಬಾಯಾರಿಕೆಗಳಿಂದ ಜರ್ಜರಿತರಾಗಿ ಜಾಫ್ನಾ ತಲುಪಿದಾಗ ಇಬ್ಬರೂ ಅತಿಸಾರಕ್ಕೆ ತುತ್ತಾಗಿದ್ದರು. ಹತ್ತು ವರ್ಷ ಕನಸಿದ ನೆಲದಲ್ಲಿ ಅವರು ಮಾಡಲು ಸಾಧ್ಯವಾದ ಮೊದಲ ಕೆಲಸವೆಂದರೆ, ದಯಾವಂತರು ನೀಡಿದ ಗಂಜಿ ಕುಡಿದು ಜೀವ ಉಳಿಸಿಕೊಳ್ಳುವುದು. ಚೇತರಿಸಿಕೊಂಡ ಬಳಿಕ ಕೊರಳಿಗೆ ಜಪಮಾಲೆ ಧರಿಸಿ ಭಿಕ್ಷೆ ಬೇಡುತ್ತ ಮನೆಮನೆ ತಿರುಗಿದರು. ಯಾರ ಕಣ್ಣು ಆ ಜಪಮಾಲೆಯ ಮೇಲೆ ನಿಂತು ತೇವವಾಗುವುದೋ ಅವರೇ ತಮ್ಮವರೆಂದು ಗುರುತಿಸಿದರು. ಮೂರು ದಶಕಗಳ ಬಳಿಕ ಆ ಮನೆಗಳಲ್ಲಿ ರಾತ್ರಿಯ ಮರೆಯಲ್ಲಿ ಬಲಿಪೂಜೆ ಮತ್ತೆ ನಡೆಯಿತು.

ಡಚ್ಚರಿಗೆ ಸುಳಿವು ಸಿಕ್ಕಿತು. 1689ರ ಕ್ರಿಸ್ಮಸ್ ಸಮಯದಲ್ಲಿ ಸೈನಿಕರು ಭಕ್ತರ ಮೇಲೆ ಎರಗಿ ಹಲವರನ್ನು ಸೆರೆಹಿಡಿದರು. ಗುರುಗಳು ತಪ್ಪಿಸಿಕೊಂಡು ಡಚ್ಚರ ಕೈಗೆಟುಕದ ಪುತ್ತಲಂ ಸೇರಿದರು. 1692ರಲ್ಲಿ ಕ್ಯಾಂಡಿಯ ರಾಜಧಾನಿಗೆ ಬಂದರೆ ಅಲ್ಲಿ ಮತ್ತೊಂದು ಆಘಾತ ಕಾದಿತ್ತು. ಫ್ರಾನ್ಸ್ ಮೂಲದ ಪ್ರಾಟೆಸ್ಟೆಂಟನೊಬ್ಬ ಅವರನ್ನು ಪೋರ್ಚುಗೀಸ್ ಗೂಢಚಾರನೆಂದು ದೂರಿದ. ರಾಜ ಎರಡನೆಯ ವಿಮಲಧರ್ಮಸೂರ್ಯನು ಅವರನ್ನು ಸೆರೆಮನೆಗೆ ತಳ್ಳಿದನು.

ನಮ್ಮ ಲೆಕ್ಕದಲ್ಲಿ ಇದು ಕಥೆಯ ಅಂತ್ಯ. ಮೊದಲು ಬೇಡಿಕೆ ತಿರಸ್ಕೃತವಾಯಿತು, ಬಳಿಕ ಕಾಯಿಲೆ, ಆಮೇಲೆ ಬೇಟೆ, ಈಗ ಸೆರೆ. ‘ಇದು ದೇವರ ಕೆಲಸವಾಗಿದ್ದರೆ ಇಷ್ಟು ಅಡ್ಡಿಗಳು ಬರುತ್ತಿದ್ದವೇ?’ ಎಂದು ನಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ವಾಜರು ಸೆರೆಯಲ್ಲಿ ಕುಳಿತು ಸಿಂಹಳ ಭಾಷೆಯನ್ನು ಕಲಿತರು. ಕಾವಲು ಕ್ರಮೇಣ ಸಡಿಲವಾದಾಗ ಅಲ್ಲೇ ಒಂದು ಗುಡಿಸಲನ್ನು ಕಟ್ಟಿ ಪ್ರಾರ್ಥನಾಲಯ ಮಾಡಿಕೊಂಡರು. ಜೊತೆಯ ಸೆರೆಯಾಳುಗಳೇ ಅವರ ಧರ್ಮಕೇಂದ್ರವಾದರು. ಗೂಢಚಾರನೆಂದು ಅನುಮಾನಿಸಿದ ರಾಜನೇ ಅವರ ನಡತೆಯನ್ನು ಹತ್ತಿರದಿಂದ ಕಂಡು, ಕೊನೆಗೆ ತನ್ನ ರಾಜ್ಯದಲ್ಲಿ ಧರ್ಮಸೇವೆ ಮಾಡಲು ಅನುಮತಿ ನೀಡಿದನು. ಬರಗಾಲದಲ್ಲಿ ವಾಜರ ಪ್ರಾರ್ಥನೆಗೆ ಮಳೆ ಬಂದುದನ್ನು ಭಕ್ತರು ಇಂದಿಗೂ ಸ್ಮರಿಸುತ್ತಾರೆ. ಕ್ರೈಸ್ತರೇ ಆದ ಡಚ್ಚರು ಬೆನ್ನಟ್ಟಿದ ಗುರುವಿಗೆ ಬೌದ್ಧ ರಾಜನೊಬ್ಬ ಆಸರೆಯಾದನೆಂಬುದನ್ನು ನಾವು ಮರೆಯಲಾಗದು. ದೇವರ ಪರಿಪಾಲನೆ ನಮ್ಮ ಬೇಲಿಗಳನ್ನು ಕೇಳಿ ಕೆಲಸ ಮಾಡುವುದಿಲ್ಲ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬಿನ ಮಾರಿ ಹಬ್ಬಿದಾಗ ಜನ ತಮ್ಮವರನ್ನೇ ಬಿಟ್ಟು ಓಡಿದರು. ವಾಜರು ಮತ್ತು ಅವರ ಬಂಧುವಾದ ಗುರುವೊಬ್ಬರು ರೋಗಿಗಳಿಗೆ ಉಣಿಸಿ, ತೊಳೆದು, ಸತ್ತವರನ್ನು ಮಣ್ಣು ಮಾಡಿದರು. ಮುಂದೆ ಬಿಷಪ್ ಪದವಿಯ ಪ್ರಸ್ತಾಪ ಬಂದಾಗ ವಾಜರು ಒಲ್ಲೆನೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಪ್ರಾಣಬಿಟ್ಟರು. ಅವರ ಸಮಾಧಿ ಎಲ್ಲಿದೆಯೆಂಬುದು ಇಂದು ಯಾರಿಗೂ ತಿಳಿಯದು. 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು. ಈ ಫಲವನ್ನು ನೋಡಲು ವಾಜರು ಬದುಕಿರಲಿಲ್ಲ. ನಡುವೆ ಕಳೆದದ್ದು ಮೂರು ಶತಮಾನ.

ಹಳೆಯ ಒಡಂಬಡಿಕೆಯ ಜೋಸೆಫ್

ಸಂತರ ಹೆಸರಿನವನೇ ಆದ ಇನ್ನೊಬ್ಬ ಸೆರೆಯಾಳನ್ನು ಆದಿಕಾಂಡದಲ್ಲಿ ಕಾಣುತ್ತೇವೆ. ಯಕೋಬನ ಮಗನಾದ ಜೋಸೆಫನನ್ನು ಅಣ್ಣಂದಿರು ಬಾವಿಗೆ ತಳ್ಳಿ, ಬಳಿಕ ವರ್ತಕರಿಗೆ ಮಾರಿದರು. ಮಾಡದ ತಪ್ಪಿಗೆ ಆತ ಈಜಿಪ್ಟಿನಲ್ಲಿ ಸೆರೆಮನೆ ಸೇರಿದ. ಆತನಿಂದ ಉಪಕಾರ ಪಡೆದ ಪಾನಸೇವಕ ಎರಡು ವರ್ಷ ಆತನನ್ನು ಮರೆತೇಬಿಟ್ಟ. ಕೊನೆಗೆ ಕ್ಷಾಮದ ಕಾಲದಲ್ಲಿ, ತನ್ನನ್ನು ಮಾರಿದ ಅಣ್ಣಂದಿರಿಗೇ ಅನ್ನವಿಕ್ಕುವ ಅಧಿಕಾರಿಯಾದ. ಆತ ಅಣ್ಣಂದಿರಿಗೆ ಹೇಳಿದ ಮಾತಿನ ಸಾರವಿಷ್ಟು: ನೀವು ಕೇಡನ್ನೇ ಬಗೆದಿರಿ, ದೇವರು ಅದನ್ನು ಒಳಿತಿಗೆ ತಿರುಗಿಸಿದರು.

ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಜೋಸೆಫ್ ಈ ಮಾತನ್ನು ಬಾವಿಯೊಳಗಿನಿಂದ ಹೇಳಲಿಲ್ಲ; ವರ್ಷಗಳು ಉರುಳಿದ ಮೇಲೆ, ಹಿಂದಿರುಗಿ ನೋಡಿ ಹೇಳಿದ. ಬೇರೆಯವರು ಆತನ ಪರವಾಗಿ ಹೇಳಲೂ ಇಲ್ಲ. ನೊಂದವನು ತಾನೇ ಹೇಳಿದ. ಅಣ್ಣಂದಿರ ಕೇಡನ್ನು ಕೇಡಲ್ಲವೆನ್ನಲೂ ಇಲ್ಲ. ಇನ್ನೊಬ್ಬರ ನೋವಿಗೆ ದೇವರ ಹೆಸರಿನಲ್ಲಿ ಅರ್ಥ ಹೇಳಲು ಹೊರಡುವ ನಾವೆಲ್ಲರೂ ಈ ಮೂರು ಸಂಗತಿಗಳನ್ನು ನೆನಪಿಡಬೇಕು.

ನಮ್ಮ ಮನೆಗಳಲ್ಲಿ

ಈ ಇಬ್ಬರು ಜೋಸೆಫರ ಬಾಳಿನಿಂದ ನಮ್ಮ ಕುಟುಂಬಗಳು ಕಲಿಯಬೇಕಾದದ್ದೇನು? ಮೊದಲನೆಯದಾಗಿ, ಕೇಳುವುದು ಅವಿಶ್ವಾಸವಲ್ಲ. ಗೆತ್ಸೆಮನೆಯ ತೋಪಿನಲ್ಲಿ ಯೇಸು ತನ್ನ ಮುಂದಿನ ಕಷ್ಟದ ಪಾತ್ರೆಯನ್ನು ತೆಗೆದುಬಿಡೆಂದು ತಂದೆಯನ್ನು ಬೇಡಿದರು. ಬಳಿಕ ತಂದೆಯ ಚಿತ್ತಕ್ಕೆ ತಮ್ಮನ್ನು ಒಪ್ಪಿಸಿದರು. ಕಾಯಿಲೆಯ ಮಗುವಿಗಾಗಿ ನವೇನ ಮಾಡುವ ತಾಯಿ, ಔಷಧವನ್ನೂ ತಪ್ಪದೆ ಕುಡಿಸುತ್ತಾಳೆ. ಇವೆರಡೂ ಒಂದೇ ಭರವಸೆಯ ಎರಡು ಕೈಗಳು. ವೈದ್ಯರ ಬಳಿಗೆ ಒಯ್ಯದೆ ‘ದೇವರು ನೋಡಿಕೊಳ್ಳುತ್ತಾರೆ’ ಎನ್ನುವುದು ವಿಶ್ವಾಸವಲ್ಲ, ದೇವರನ್ನು ಪರೀಕ್ಷಿಸುವ ಸಾಹಸ.

ಎರಡನೆಯದಾಗಿ, ಮನುಷ್ಯರ ಅನ್ಯಾಯವನ್ನು ದೇವರ ತಲೆಗೆ ಕಟ್ಟಬಾರದು. ಕುಡುಕ ಗಂಡನ ಹೊಡೆತ ತಿನ್ನುವ ಹೆಣ್ಣುಮಗಳಿಗೆ, ವರದಕ್ಷಿಣೆಯ ಹಿಂಸೆಗೆ ಒಳಗಾದ ಸೊಸೆಗೆ, ಆಸ್ತಿಯ ಪಾಲಿನಲ್ಲಿ ಮೋಸಹೋದ ತಮ್ಮನಿಗೆ ‘ಇದು ನಿನ್ನ ಶಿಲುಬೆ, ಹೊತ್ತುಕೋ’ ಎಂದು ಉಪದೇಶಿಸುವವರು ನಮ್ಮ ನಡುವೆ ಇದ್ದಾರೆ. ಹೀಗೆ ಹೇಳುವುದು ಸುಲಭ. ಏಕೆಂದರೆ ಹೀಗೆ ಹೇಳಿದವನಿಗೆ ಅವರ ಪರವಾಗಿ ನಿಲ್ಲುವ ಹೊಣೆ ತಪ್ಪುತ್ತದೆ. ಅಂಥ ಮನೆಯಲ್ಲಿ ದೇವರ ಯೋಜನೆ ನೆರವೇರುವುದು, ಯಾರಾದರೊಬ್ಬರು ಎದ್ದುನಿಂತು ಆ ಅನ್ಯಾಯವನ್ನು ತಡೆದಾಗ.

ಮೂರನೆಯದಾಗಿ, ದೊಡ್ಡ ಯೋಜನೆ ತಿಳಿಯದಿದ್ದರೂ ಇಂದಿನ ಕರ್ತವ್ಯ ತಿಳಿದಿರುತ್ತದೆ. 1990ರ ಆಗಸ್ಟಿನಲ್ಲಿ ಕುವೈತ್ ಇರಾಕಿನ ಸೇನೆಯ ವಶವಾದಾಗ ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳು ವರ್ಷಗಳ ದುಡಿಮೆಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮರಳಿದವು. ದೇವರು ಹೀಗೇಕೆ ಮಾಡಿದರೆಂಬ ಪ್ರಶ್ನೆಗೆ ಆ ದಿನ ಯಾರ ಬಳಿಯೂ ಉತ್ತರವಿರಲಿಲ್ಲ. ಆದರೆ ಮರುದಿನ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಸೇರಿಸಬೇಕಿತ್ತು, ಹಿರಿಯರ ಔಷಧ ತರಬೇಕಿತ್ತು, ಕೈಗೆ ಸಿಕ್ಕ ಕೆಲಸ ಹಿಡಿಯಬೇಕಿತ್ತು, ಸಂಜೆ ಮನೆಮಂದಿಯೆಲ್ಲ ಕೂಡಿ ಜಪಸರ ಹೇಳಬೇಕಿತ್ತು. ಸೆರೆಯಲ್ಲಿದ್ದ ವಾಜರಿಗೂ ಯೋಜನೆ ತಿಳಿದಿರಲಿಲ್ಲ. ಕಲಿಯಬೇಕಾದ ಸಿಂಹಳ ಅಕ್ಷರಗಳು ಮಾತ್ರ ತಿಳಿದಿದ್ದವು. ಅವರು ಅವನ್ನು ಕಲಿತರು.

ಇನ್ನು, ಏನನ್ನೂ ಮಾಡಲಾಗದ ದುಃಖವೂ ಉಂಟು. ಹೆತ್ತ ಮಗುವನ್ನು ಮಣ್ಣಿಗೆ ಕೊಟ್ಟ ತಂದೆತಾಯಿಗೆ ಯಾವ ಸಂತರ ಚರಿತ್ರೆಯೂ ಉತ್ತರವಾಗಲಾರದು. ಅವರ ಮುಂದೆ ವಾದ ಹೂಡದೆ, ಪಕ್ಕದಲ್ಲಿ ಕುಳಿತು, ಒಂದು ಹೊತ್ತಿನ ಅಡುಗೆ ಮಾಡಿಕೊಟ್ಟು, ಅವರಿಗೆ ಪ್ರಾರ್ಥಿಸಲು ಬಾಯಿ ಬಾರದಾದಾಗ ಅವರ ಪರವಾಗಿ ನಾವು ಪ್ರಾರ್ಥಿಸಿದರೆ ಸಾಕು. ಕಲ್ವಾರಿಯಲ್ಲಿ ಮಾತೆ ಮರಿಯಮ್ಮನವರಿಗೆ ಯಾರೂ ಕಾರಣ ವಿವರಿಸಲಿಲ್ಲ. ಶಿಷ್ಯ ಯೊವಾನ್ನನು ಪಕ್ಕದಲ್ಲಿ ನಿಂತಿದ್ದ; ಆ ಬಳಿಕ ಅವರನ್ನು ತನ್ನ ಮನೆಗೆ ಕರೆದೊಯ್ದ. ಪುನರುತ್ಥಾನದ ಮುಂಜಾವಿಗೆ ಮುಂಚಿನ ಆ ಕತ್ತಲೆಯ ದಿನಗಳಲ್ಲಿ ದೇವರ ಪರಿಪಾಲನೆಯು ಆ ತಾಯಿಗೆ ಕಂಡದ್ದು ಅವಳಿಗೆ ಆಸರೆಯಾದ ಒಂದು ಮನೆಯ ರೂಪದಲ್ಲಿ.

ಸಂತ ಜೋಸೆಫ್ ವಾಜರ ಹಬ್ಬ ಪ್ರತಿವರ್ಷ ಜನವರಿ 16ರಂದು ಬರುತ್ತದೆ. ಆ ದಿನ ಮುಡಿಪಿಗೆ ಹೋಗುವವರು ಹೋಗಲಿ; ಹೋಗಲಾಗದವರು ತಮ್ಮ ಮನೆಯ ಪೀಠದ ಮುಂದೆ ದೀಪ ಹಚ್ಚಲಿ. ಕುಟುಂಬದಲ್ಲಿ ಯಾವ ಬಾಗಿಲು ಮುಚ್ಚಿದೆಯೋ ಅದನ್ನು ಹೆಸರಿಸಿ, ತೆರೆಯೆಂದು ಧೈರ್ಯದಿಂದ ಬೇಡೋಣ. ತೆರೆಯದಿದ್ದರೆ, ಅದರ ಮುಂದೆ ಕುಳಿತೇ ಮಾಡಬಹುದಾದ ಒಳಿತನ್ನು ತೋರಿಸೆಂದು ಬೇಡೋಣ. ಆಗ ‘ದೇವರ ಚಿತ್ತ’ ಎಂಬ ಮಾತು ನಮ್ಮ ನಾಲಗೆಯ ಮೇಲೆ ನಿಟ್ಟುಸಿರಾಗದೆ ಪ್ರಾರ್ಥನೆಯಾಗುವುದು.